ಒಕ್ಕೂಟದ ಸೇತುವೆಯೂ ನಮ್ಮ ಹೊಳೆಬಾಗಿಲೂ

ಸಂಪಾದಕರಿಗೆ ನಮಸ್ಕಾರ.

ಹೋದ ವಾರ ನಿಮ್ಮ ಓದುಗರ ಪತ್ರಗಳ ವಿಭಾಗದಲ್ಲಿ ಶಿವಮೊಗ್ಗದ ಹಿರಿಯರೊಬ್ಬರು ಒಂದು ಮಾತು ಬರೆದಿದ್ದರು. ದೇಶಗಳು ಯುರೋಪಿನ ಒಕ್ಕೂಟದಂಥದಕ್ಕೆ (ಯುರೋಪಿಯನ್ ಯೂನಿಯನ್) ಸೇರುವುದು, ಬಿಡುವುದು ಎಲ್ಲ ದೊಡ್ಡವರ ಲೆಕ್ಕಾಚಾರ. ಅದರಿಂದ ಬಡವನ ತಟ್ಟೆಯ ಅನ್ನ ಒಂದಗುಳು ಹೆಚ್ಚುವುದೂ ಇಲ್ಲ, ಕಡಿಮೆಯಾಗುವುದೂ ಇಲ್ಲ ಎಂದು. ಬಸ್ಸಿನಲ್ಲಿ ಕೂತು ಓದಿದೆ. ಮನೆಗೆ ಬಂದವಳು ಅನ್ನಕ್ಕಿಡುವುದನ್ನೂ ಬಿಟ್ಟು ಪೆನ್ನು ಹುಡುಕಿದೆ.

ನಾನು ಸಾಗರ ತಾಲ್ಲೂಕಿನ ತುಮರಿ ಸೀಮೆಯವಳು. 1998ರಿಂದ ಹೊಳೆಬಾಗಿಲಿನಲ್ಲಿ, ಶರಾವತಿ ಹಿನ್ನೀರು ದಾಟಿಸುವ ಲಾಂಚು ನಿಲ್ಲುವ ಕಟ್ಟೆಯ ಹತ್ತಿರ ತಗಡಿನ ಶೀಟಿನ ಒಂದು ಅಂಗಡಿ ಇಟ್ಟುಕೊಂಡಿದ್ದೆ. ಚಾ, ಕಷಾಯ, ಬನ್ಸು, ಅವಲಕ್ಕಿ, ಬೇಸಿಗೆಯಲ್ಲಿ ಮುರುಗಲು ಹಣ್ಣಿನ ಪಾನಕ. ಪಿಯುಸಿವರೆಗೆ ಓದಿದ್ದೇನೆ. ಬೆಳಗಿನ ಲಾಂಚಿನವರು ಬೆಂಚಿನ ಮೇಲೆ ಬಿಟ್ಟುಹೋದ ಪೇಪರನ್ನೆಲ್ಲ ಮಧ್ಯಾಹ್ನ ಕೂತು ಓದುತ್ತಿದ್ದೆ. ಆ ರೂಢಿ ಇನ್ನೂ ಬಿಟ್ಟಿಲ್ಲ. ಈಗ ಪೇಪರನ್ನು ದುಡ್ಡು ಕೊಟ್ಟು ತರಬೇಕು, ಅಷ್ಟೇ ವ್ಯತ್ಯಾಸ.

ಯುರೋಪಿನ ಒಕ್ಕೂಟದ ವಿಷಯ ನನಗೆ ಹೇಗೆ ಗೊತ್ತು ಎಂದು ಕೇಳಬಹುದು. ನನ್ನ ಮಗ ಕ್ರೊವೇಷಿಯಾ ದೇಶದಲ್ಲಿ ಅಡುಗೆ ಕೆಲಸ ಮಾಡುತ್ತಾನೆ. ಈರುಳ್ಳಿ ಹೆಚ್ಚುವುದನ್ನು ನನ್ನ ಅಂಗಡಿಯಲ್ಲೇ ಕಲಿತ. ಆಮೇಲೆ ಸಾಗರ, ಉಡುಪಿ, ಗೋವಾ. 2022ರ ಮೇ ತಿಂಗಳಲ್ಲಿ ಆ ಕಡೆ ಹೊರಟ. ಆಡ್ರಿಯಾಟಿಕ್ ಸಮುದ್ರಕ್ಕೆ ಕೈ ಚಾಚಿದ ಹಾಗೆ ಪೆಲ್ಯೆಶಾಟ್ಸ್ ಅಂತ ಒಂದು ಉದ್ದನೆಯ ಪರ್ಯಾಯದ್ವೀಪವಿದೆ. ಅಲ್ಲಿನ ಒರೆಬಿಚ್ ಎಂಬ ಊರಿನ ಒಂದು ಹೋಟೆಲಿನಲ್ಲಿ ಕೆಲಸ. ಏಪ್ರಿಲಿನಿಂದ ಅಕ್ಟೋಬರಿನವರೆಗೆ ಬಿಡುವಿಲ್ಲ, ಚಳಿಗಾಲದಲ್ಲಿ ಊರು ಖಾಲಿ.

ಮೊದಲ ದಿನ ಅವನು ಫೋನು ಮಾಡಿ ನಗುತ್ತಾ ಹೇಳಿದ್ದು ಒಂದೇ ಮಾತು: 'ಅಮ್ಮ, ಇಲ್ಲೂ ಲಾಂಚೇ!'

ಅದರ ಕಥೆ ಹೀಗೆ. ಕ್ರೊವೇಷಿಯಾದ ಕರಾವಳಿ ಒಂದೇ ಪಟ್ಟಿಯಾಗಿ ಬರುತ್ತಾ ಬರುತ್ತಾ ನೆಯುಮ್ ಎಂಬ ಊರಿನ ಹತ್ತಿರ ತುಂಡಾಗುತ್ತದೆ. ಆ ಜಾಗ ಬೋಸ್ನಿಯಾ ದೇಶದ್ದು. ಅವರಿಗೆ ಸಮುದ್ರ ಸಿಕ್ಕಿರುವುದೇ ಅಲ್ಲಿ. ಅಲ್ಲಿಂದಾಚೆ ಮತ್ತೆ ಕ್ರೊವೇಷಿಯಾ. ಅಂದರೆ ಅವರದೇ ದೇಶದ ಡುಬ್ರೊವ್ನಿಕ್ ಪಟ್ಟಣಕ್ಕೆ ರಸ್ತೆಯಲ್ಲಿ ಹೋಗಬೇಕಾದರೆ ಒಮ್ಮೆ ಪಾಸ್‌ಪೋರ್ಟು ತೋರಿಸಿ ಪರದೇಶಕ್ಕೆ ಹೋಗಬೇಕಿತ್ತು, ನಾಲ್ಕು ಹೆಜ್ಜೆ ದಾಟಿದ ಮೇಲೆ ಇನ್ನೊಮ್ಮೆ ತೋರಿಸಿ ಸ್ವದೇಶಕ್ಕೆ ಬರಬೇಕಿತ್ತು. ಬೇಸಿಗೆಯಲ್ಲಿ ಆ ಗೇಟಿನ ಮುಂದೆ ವಾಹನಗಳ ಸಾಲು. ಆ ರಗಳೆಯೇ ಬೇಡ ಎನ್ನುವವರಿಗೆ ಪ್ಲೊಚೆ ಬಂದರಿನಿಂದ ತ್ರ್‌ಪಾನ್ ಎಂಬ ಊರಿಗೆ ಫೆರಿ. ನನ್ನ ಮಗನನ್ನು ಏಜೆಂಟರ ಕಡೆಯವರು ಫೆರಿಯಲ್ಲೇ ದಾಟಿಸಿದರು. ತುಮರಿಯ ಹುಡುಗ, ಹುಟ್ಟಿದಾಗಿನಿಂದ ಲಾಂಚಿಗೆ ಕಾದವನು, ವಿಮಾನ ಹತ್ತಿ ಏಳು ಸಮುದ್ರ ದಾಟಿ ಹೋಗಿ ಮತ್ತೆ ಲಾಂಚಿಗೇ ಕಾದ!

ಅವನು ಹೋಗಿ ಎರಡೂವರೆ ತಿಂಗಳಾಗಿತ್ತಷ್ಟೆ. 2022ರ ಜುಲೈ 26ರಂದು ಅಲ್ಲಿ ಸೇತುವೆ ತೆರೆಯಿತು. ಬೋಸ್ನಿಯಾದ ಗೊಡವೆಯೇ ಬೇಡ ಎಂದು ಸಮುದ್ರದ ಮೇಲಿಂದ ಕಟ್ಟಿದ್ದು. ಉದ್ದ 2,404 ಮೀಟರ್. ನಮ್ಮ ಹಿನ್ನೀರಿನ ಮೇಲಿನ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದದ್ದು 2025ರ ಜುಲೈ 14ಕ್ಕೆ, ಉದ್ದ ಹತ್ತಿರಹತ್ತಿರ 2.44 ಕಿಲೋಮೀಟರ್. ಎರಡೂ ಜುಲೈ, ಎರಡೂ ಕೇಬಲ್ ಕಟ್ಟಿದ ಸೇತುವೆ, ಎರಡರ ಉದ್ದಕ್ಕೂ ಕೊಂಚವೇ ವ್ಯತ್ಯಾಸ. ದೇವರು ನಮ್ಮ ಮನೆಯವರಿಗೆಂದೇ ಜೋಡಿ ಮಾಡಿ ಕೊಟ್ಟ ಹಾಗಿದೆ.

ಆ ಸೇತುವೆಯ ಖರ್ಚಿನಲ್ಲಿ 35.7 ಕೋಟಿ ಯೂರೊ ಒಕ್ಕೂಟವೇ ಕೊಟ್ಟದ್ದು. ಕ್ರೊವೇಷಿಯಾ 2013ರ ಜುಲೈ 1ರಂದು 28ನೆಯ ಸದಸ್ಯನಾಗಿ ಸೇರದೇ ಇದ್ದಿದ್ದರೆ ಆ ದುಡ್ಡಿಲ್ಲ. ಮಗ ತಮಾಷೆ ಮಾಡುತ್ತಾನೆ: ದುಡ್ಡು ಬ್ರಸೆಲ್ಸಿನದು (ಒಕ್ಕೂಟದ ಕಚೇರಿ ಇರುವ ಊರು), ಕಟ್ಟಿದ್ದು ಚೀನಾದ ಕಂಪನಿ, ಮೇಲೆ ಓಡಾಡುವ ಕಾರು ಜರ್ಮನಿಯವರದು, ದಾಟಿ ಬಂದವರಿಗೆ ಅನ್ನ ಬೇಯಿಸುವವನು ತುಮರಿಯವನು. ಪತ್ರ ಬರೆದ ಹಿರಿಯರು ತಟ್ಟೆಯ ಮಾತೆತ್ತಿದ್ದರಲ್ಲ, ಅದಕ್ಕೆ ಹೇಳಿದೆ.

ಹಾಗಂತ ಒಕ್ಕೂಟದ ಜಾಗಟೆ ಬಾರಿಸಲು ನಾನು ಬರೆಯುತ್ತಿಲ್ಲ. ಮಗ ಬಾಡಿಗೆಗಿರುವ ಮನೆಯಲ್ಲಿ ಒಬ್ಬ ಅಜ್ಜಿ ಇದ್ದಾಳೆ. ಅವರ ಭಾಷೆಯಲ್ಲಿ ಅಜ್ಜಿಗೆ ಬಾಕಾ ಎನ್ನುತ್ತಾರೆ. ಕೆಳಗಿನ ಕೋಣೆ ಇವನಿಗೆ, ಮೇಲಿನ ಮನೆಯಲ್ಲಿ ಅವಳೊಬ್ಬಳೇ. ವಿಡಿಯೋ ಕಾಲಿನಲ್ಲಿ ನಾನೂ ಅವಳೂ ಎಷ್ಟೋ ಸಲ ಮಾತಾಡಿದ್ದೇವೆ. ಅವಳ ಮಾತು ನನಗೆ ತಿಳಿಯುವುದಿಲ್ಲ, ನನ್ನದು ಅವಳಿಗೆ ತಿಳಿಯುವುದಿಲ್ಲ. ಮಗ ನಡುವೆ ಕೂತು ಅರ್ಧ ಹೇಳುತ್ತಾನೆ, ಅರ್ಧ ನುಂಗುತ್ತಾನೆ. ನಾನು ಮುಂದೆ ಹೇಳುವುದರಲ್ಲಿ ಬಹುಪಾಲು ಈ ಬಾಕಾಳ ಮನೆಯ ಸುದ್ದಿ.

ಒಕ್ಕೂಟಕ್ಕೆ ಸೇರಬೇಕೋ ಬೇಡವೋ ಎಂದು ಅವರಲ್ಲಿ ಜನಮತ ತೆಗೆದುಕೊಂಡದ್ದು 2012ರ ಜನವರಿ 22ರಂದು. ಮತ ಹಾಕಿದವರಲ್ಲಿ ನೂರಕ್ಕೆ 66 ಮಂದಿ ಹೌದು ಅಂದರಂತೆ. ಆದರೆ ಮತ ಹಾಕಲು ಬಂದವರೇ ಅರ್ಧಕ್ಕಿಂತ ಕಡಿಮೆ. ಬಾಕಾ ಹೋಗಿರಲಿಲ್ಲ. ಯಾಕೆ ಅಂತ ಕೇಳಿಸಿದೆ. ಅವತ್ತು ಗಾಳಿ ಜೋರಿತ್ತಂತೆ!

ಸೇರಿದ ಮೇಲೆ ಅವಳ ಮನೆಯಲ್ಲಿ ಮೊದಲು ಬದಲಾದದ್ದು ಊಟದ ಮೇಜು. ಹೊಸ ಸದಸ್ಯ ದೇಶದವರು ಬಂದು ದುಡಿಯಲು ಹಳೆಯ ದೇಶಗಳು ಏಳು ವರ್ಷದ ತನಕ ತಡೆ ಹಾಕಬಹುದಿತ್ತು. ಆಸ್ಟ್ರಿಯಾ ಪೂರ್ತಿ ಏಳು ವರ್ಷ ತಡೆಯಿತು. ಐರ್ಲೆಂಡಿನಂಥ ದೇಶಗಳು ಮೊದಲ ದಿನವೇ ಬಾಗಿಲು ತೆರೆದಿಟ್ಟವು. ಬಾಕಾಳ ಮಗ, ಸೊಸೆ, ಇಬ್ಬರು ಮೊಮ್ಮಕ್ಕಳು ಡಬ್ಲಿನ್ನಿಗೆ ಹೋದರು. ಅವಳೊಬ್ಬಳ ಕಥೆಯಲ್ಲ ಇದು. 2011ರ ಜನಗಣತಿಯಲ್ಲಿ ಆ ದೇಶದಲ್ಲಿ ಸುಮಾರು 42.8 ಲಕ್ಷ ಜನರಿದ್ದರು, 2021ಕ್ಕೆ 38.7 ಲಕ್ಷ. ಹುಟ್ಟುವವರು ಕಡಿಮೆಯಾದದ್ದೂ ಇದೆ, ಹೊರಟವರೂ ಇದ್ದಾರೆ. ಹೋಟೆಲುಗಳಿಗೆ ಜನ ಸಾಲದೆ ನೇಪಾಳ, ಫಿಲಿಪ್ಪೀನ್ಸ್, ಭಾರತದಿಂದ ಕರೆಸಿಕೊಳ್ಳುತ್ತಿದ್ದಾರೆ. ಬಾಕಾಳ ಮಗ ಖಾಲಿ ಮಾಡಿದ ಕೋಣೆಯಲ್ಲೇ ನನ್ನ ಮಗ ಮಲಗುವುದು. ನನ್ನ ಮಗ ಇಲ್ಲದ್ದಕ್ಕೆ ನಮ್ಮ ಅರ್ಧ ಎಕರೆ ಅಡಿಕೆ ತೋಟದ ಕೆಲಸಕ್ಕೆ ಅಸ್ಸಾಮಿನ ಹುಡುಗನೊಬ್ಬ ಬರುತ್ತಾನೆ. ಅಡಿಕೆ ಗೊನೆ ಕೊಯ್ಲಿಗೆ ಊರಿನ ಕೊನೆಗಾರರು ಸಿಗದೆ ಎಷ್ಟು ವರ್ಷವಾಯಿತು! ಆ ಹುಡುಗನ ಅಮ್ಮ ಅಲ್ಲಿ ಯಾರಿಂದ ಗದ್ದೆ ನಾಟಿ ಮಾಡಿಸುತ್ತಾಳೋ ನಾನು ಕೇಳಿಲ್ಲ. ಕೇಳಬೇಕು.

ದುಡ್ಡಿನ ವಿಷಯಕ್ಕೆ ಬರುತ್ತೇನೆ. ನನ್ನ ಅತ್ತೆ ಮದುವೆಯಾಗಿ ಬಂದ ಹೊಸದರಲ್ಲಿ, 1957ರ ಏಪ್ರಿಲ್ 1ಕ್ಕೆ, ನಯಾ ಪೈಸೆ ಬಂತು. ನಾಲ್ಕಾಣೆಗೆ ಇಪ್ಪತ್ತೈದು ಸರಿ. ಒಂದಾಣೆಗೆ ಲೆಕ್ಕದಲ್ಲಿ ಆರೂಕಾಲು ಪೈಸೆ, ಅಂಗಡಿಯಲ್ಲಿ ಆರು. ಆ ಕಾಲು ಪೈಸೆ ಎಲ್ಲಿಗೆ ಹೋಯಿತು ಎಂದು ಅತ್ತೆ ಸಾಯುವ ತನಕ ಕೇಳುತ್ತಿದ್ದರು. ಬಾಕಾಳದ್ದೂ ಇದೇ ತಕರಾರು. ಅವರ ಹಳೆಯ ನಾಣ್ಯ ಕೂನಾ. ಕೂನಾ ಅಂದರೆ ಒಂದು ಪ್ರಾಣಿ, ಮಗ ಕಳಿಸಿದ ಚಿತ್ರ ನೋಡಿದರೆ ನಮ್ಮ ಮುಂಗುಸಿಗೂ ಕಬ್ಬೆಕ್ಕಿಗೂ ನಡುವಿನದರಂತೆ ಕಾಣುತ್ತದೆ. ಹಿಂದಿನ ಕಾಲದಲ್ಲಿ ಅದರ ತೊಗಲನ್ನೇ ಕಂದಾಯವಾಗಿ ಕೊಡುತ್ತಿದ್ದರಂತೆ. 2023ರ ಜನವರಿ 1ಕ್ಕೆ ಯೂರೊ ಬಂತು, ಒಂದು ಯೂರೊಗೆ 7.53450 ಕೂನಾ ಎಂದು ದರ ಗೊತ್ತು ಮಾಡಿದರು. ಹತ್ತು ಕೂನಾದ ಕಾಫಿ ಆ ಲೆಕ್ಕಕ್ಕೆ ಒಂದು ಯೂರೊ 33 ಸೆಂಟ್. ಬಾಕಾ ಹೋಗುವ ಕಾಫಿ ಅಂಗಡಿಯವನು ಚಿಲ್ಲರೆ ತಾಪತ್ರಯ ಎಂದು ಒಂದೂವರೆ ಮಾಡಿದ. ನನಗೆ ಅವನ ಮೇಲೆ ಸಿಟ್ಟು ಬರಲಿಲ್ಲ ಎಂದು ಒಪ್ಪಿಕೊಳ್ಳುತ್ತೇನೆ. ಚಿಲ್ಲರೆ ಇಲ್ಲದೆ ಚಾಕೊಲೇಟು ಕೊಟ್ಟು ಲೆಕ್ಕ ತೀರಿಸಿದವಳು ನಾನೂ ಹೌದು.

ಆದರೆ ಬೆಲೆ ಅಲ್ಲಿಗೆ ನಿಲ್ಲಲಿಲ್ಲ. 2025ರ ಜನವರಿ 24, ಶುಕ್ರವಾರ, ದೇಶದ ತುಂಬಾ ಜನ ಅಂಗಡಿಗೆ ಕಾಲಿಡದೆ ಬಹಿಷ್ಕಾರ ಹಾಕಿದರು. ಬಾಕಾ ಅವತ್ತು ಮನೆಯಲ್ಲಿದ್ದ ಬೀನ್ಸ್ ಕಾಳು ಬೇಯಿಸಿ ಸಾರು ಮಾಡಿ, ಒಂದು ಬಟ್ಟಲು ನನ್ನ ಮಗನಿಗೂ ಕೊಟ್ಟಳು. ಎಲ್ಲ ಬೆಲೆಯೂ ಯೂರೊದಿಂದಲೇ ಏರಿತು ಅನ್ನಲಾಗದು. ಆ ವರ್ಷಗಳಲ್ಲಿ ಉಕ್ರೇನಿನ ಯುದ್ಧದಿಂದ ಎಲ್ಲ ಕಡೆ ಗ್ಯಾಸು, ಎಣ್ಣೆ ಏರಿತ್ತು. ಬಾಕಾಳಿಗೆ ಇದನ್ನು ಹೇಳಿದರೆ ಒಪ್ಪುವುದಿಲ್ಲ.

ಇದೇ ಕಡೆ ಅವರ ಒಂದು ಕೆಲಸವನ್ನು ಮೆಚ್ಚಬೇಕು. ನಾಣ್ಯ ಬದಲಾಗುವ ಮೊದಲೇ, 2022ರ ಸೆಪ್ಟೆಂಬರಿನಿಂದ ಶುರು ಮಾಡಿ 2023ರ ಕೊನೆಯವರೆಗೂ ಅಂಗಡಿಯವರು ಪ್ರತಿ ಸಾಮಾನಿನ ಮೇಲೆ ಕೂನಾ, ಯೂರೊ ಎರಡೂ ಬೆಲೆ ಬರೆದಿಡಬೇಕಿತ್ತು. ಕಾಯಿದೆಯೇ ಹಾಗಿತ್ತು. ಹದಿನಾರು ತಿಂಗಳು! ಓದು ಬಾರದ ಮುದುಕಿಯ ಕಣ್ಣಿಗೂ ಹೊಸ ಲೆಕ್ಕ ಒಗ್ಗಲಿ ಅಂತ. ಒಂದು ಯೂರೊ ನಾಣ್ಯದ ಬೆನ್ನಿಗೆ ಅದೇ ಕೂನಾ ಪ್ರಾಣಿಯ ಚಿತ್ರ ಒತ್ತಿದ್ದಾರೆ. ಮಗ ನನಗೊಂದು ತಂದುಕೊಟ್ಟಿದ್ದಾನೆ, ದೇವರ ಮುಂದಿನ ಡಬ್ಬಿಯಲ್ಲಿದೆ.

ಸಣ್ಣಪುಟ್ಟದ್ದು ಇನ್ನೂ ಇದೆ. 2017ರ ಜೂನ್ 15ರಿಂದ ಒಕ್ಕೂಟದೊಳಗೆ ಯಾವ ದೇಶದ ಸಿಮ್ ಇದ್ದರೂ ರೋಮಿಂಗಿಗೆ ಬೇರೆ ದುಡ್ಡಿಲ್ಲ. ಡಬ್ಲಿನ್ನಿನ ಮೊಮ್ಮಗಳು ರಜೆಗೆ ಅಜ್ಜಿಮನೆಗೆ ಬಂದರೂ ಅದೇ ನಂಬರು, ಅದೇ ಬಿಲ್ಲು. ನೆಟ್‌ವರ್ಕಿಗಾಗಿ ಗುಡ್ಡ ಹತ್ತಿದ, ಹೋರಾಟ ಮಾಡಿದ ನಮ್ಮ ಸೀಮೆಯವರಿಗೆ ಇದು ಎಂಥ ಸುಖ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಅದೇ ನೆಯುಮ್ ದಾಟುವಾಗ ಫೋನು ಬೋಸ್ನಿಯಾದ ಟವರು ಹಿಡಿದರೆ ಮುಗಿಯಿತು, ಬಿಲ್ಲು ಬೇರೆ. ಯೂರೊ ಬಂದ ದಿನವೇ ಅವರು ಒಳಗಡಿಯಲ್ಲಿ ತಪಾಸಣೆ ಬೇಡವೆಂದ ದೇಶಗಳ ಷೆಂಗೆನ್ ಕೂಟಕ್ಕೂ ಸೇರಿದ್ದರಿಂದ ಸ್ಲೊವೇನಿಯಾ, ಹಂಗೇರಿ ಕಡೆಯ ಗೇಟುಗಳೂ ಎದ್ದುಹೋದವು. 2022ರಲ್ಲಿ ಪಕ್ಕದ ದೇಶಕ್ಕೆ ಕಾಲಿಡಲು ನನ್ನ ಮಗನಿಗೆ ಬೇರೆ ವೀಸಾ ಬೇಕಿತ್ತು, 2023ರಲ್ಲಿ ಕ್ರೊವೇಷಿಯಾದವರು ಕೊಟ್ಟ ವಾಸದ ಕಾರ್ಡನ್ನೇ ಜೇಬಿನಲ್ಲಿಟ್ಟುಕೊಂಡು ರಜೆ ದಿನ ಬಸ್ಸು ಹತ್ತಿ ಹೋಗಿ ನೋಡಿಕೊಂಡು ಬಂದ.

ಕಳೆದುಕೊಂಡದ್ದೂ ಇದೆ. ಒಣಗಿಸಿದ ದ್ರಾಕ್ಷಿಯಿಂದ ಮಾಡುವ ಸಿಹಿ ವೈನಿಗೆ ಅವರಲ್ಲಿ ಪ್ರೊಶೆಕ್ ಅನ್ನುತ್ತಾರೆ. ಅಜ್ಜನ ಕಾಲದಿಂದ ಬಂದದ್ದು. ಒಕ್ಕೂಟಕ್ಕೆ ಸೇರಿದ ಮೇಲೆ ಆ ಹೆಸರಿನಲ್ಲಿ ಮಾರುವಂತಿಲ್ಲ ಎಂದಾಯಿತು, ಇಟಲಿಯ ಪ್ರೊಸೆಕೊ ಎಂಬ ವೈನಿನ ಹೆಸರಿಗೆ ಹತ್ತಿರವಾಗುತ್ತದೆ ಅಂತ. ಎರಡಕ್ಕೂ ರುಚಿಯಲ್ಲಿ ಸಂಬಂಧವಿಲ್ಲ ಅನ್ನುತ್ತಾನೆ ಮಗ. (ಕುಡಿದು ನೋಡಿದ್ದೀಯಾ ಅಂತ ಕೇಳಲಿಲ್ಲ, ಮಕ್ಕಳನ್ನು ಕೆಲವು ಪ್ರಶ್ನೆ ಕೇಳಬಾರದು.) ನಾಳೆ ನಮ್ಮ ಅಪ್ಪೆಮಿಡಿ ಉಪ್ಪಿನಕಾಯಿಗೆ ಆ ಹೆಸರಿಡಬೇಡಿ ಎಂದು ಯಾರಾದರೂ ಅಂದರೆ ರಿಪ್ಪನ್‌ಪೇಟೆ, ಸಾಗರದ ಹೆಂಗಸರು ಸುಮ್ಮನಿರುತ್ತಾರೆಯೇ?

ಇನ್ನು, ಸೇರದವರ ಮನೆಗೂ ಒಕ್ಕೂಟ ಬರುತ್ತದೆ. ಮಗ ಊರಿಗೆ ಬಂದಾಗ ತಂದ ನೀರಿನ ಬಾಟಲಿಯ ಮುಚ್ಚಳ ತಿರುಗಿಸಿದರೆ ಕಿತ್ತು ಬರಲೇ ಇಲ್ಲ, ಕುತ್ತಿಗೆಗೆ ಜೋತುಕೊಂಡಿತ್ತು. ಹಾಳಾದ ಮಾಲು ಅಂದುಕೊಂಡು ಎಳೆದು ಕಿತ್ತೆ. ಮುಚ್ಚಳ ಸಮುದ್ರಕ್ಕೆ ಸೇರಬಾರದೆಂದು 2024ರ ಜುಲೈಯಿಂದ ಅಲ್ಲಿ ಹಾಗೇ ಇರಬೇಕಂತೆ. ಅದೇ ವರ್ಷ ಡಿಸೆಂಬರಿನಿಂದ ಹೊಸ ಫೋನುಗಳಿಗೆಲ್ಲ ಒಂದೇ ಥರದ ಚಾರ್ಜರ್ ತೂತು. ಕೊಪ್ಪದ ಕಡೆ ನನ್ನ ತಂಗಿಯ ಮನೆಯಲ್ಲಿ ಎರಡು ಎಕರೆ ಕಾಫಿ ಇದೆ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿಯನ್ನು ಕೊಳ್ಳುವುದಿಲ್ಲ ಎಂದು ಒಕ್ಕೂಟ 2023ರಲ್ಲಿ ಒಂದು ಕಾಯಿದೆ ಮಾಡಿತು. ಜಾರಿ ಮುಂದೆ ಮುಂದೆ ಹೋಗುತ್ತಿದೆ, ಆದರೂ ತೋಟ ಎಲ್ಲಿದೆ ಎಂದು ಮೊಬೈಲಿನಲ್ಲಿ ಜಾಗ ಗುರುತಿಸಿ ನೋಂದಾಯಿಸಬೇಕು ಅಂತ ತಂಗಿಯ ಗಂಡ ಓಡಾಡುತ್ತಿದ್ದಾನೆ. ಅವನ ಅಜ್ಜ ನೆಟ್ಟ ಗಿಡಕ್ಕೆ ಅವನು ಸಾಕ್ಷಿ ಕೊಡಬೇಕು. ಯುರೋಪು ಎಲ್ಲಿ, ಕೊಪ್ಪ ಎಲ್ಲಿ!

ನನ್ನ ತುಪ್ಪವೂ ಅವರಿಗೆ ಬೇಡವಾಯಿತು. ಎರಡನೆಯ ಸಲ ಅವನು ಹೊರಟಾಗ ಒಂದು ಬಾಟಲಿ ತುಪ್ಪ, ಒಂದು ಡಬ್ಬಿ ಅಪ್ಪೆಮಿಡಿ ಕಟ್ಟಿದ್ದೆ. ಹಾಲಿನ ಪದಾರ್ಥ ಹೊರಗಿನಿಂದ ತರುವಂತಿಲ್ಲ ಎಂದು ಅಲ್ಲಿನ ವಿಮಾನ ನಿಲ್ದಾಣದಲ್ಲಿ ತುಪ್ಪ ತೆಗೆದಿಟ್ಟುಕೊಂಡರು. ಉಪ್ಪಿನಕಾಯಿ ಪಾಸಾಯಿತು. ಬಾಕಾ ಅದನ್ನು ಬ್ರೆಡ್ಡಿನ ಜೊತೆ ತಿನ್ನುತ್ತಾಳೆ.

ಈಗ ನಾನು ಹೇಳಬೇಕೆಂದೇ ಕೂತ ವಿಷಯ. ನೆಯುಮ್.

ಆ ಊರಿನಲ್ಲಿ ಮೊದಲು ಬಸ್ಸುಗಳು ನಿಲ್ಲುತ್ತಿದ್ದವಂತೆ. ಗಡಿಯಲ್ಲಿ ಕಾದು ಬೇಸತ್ತವರು ಇಳಿದು ಕಾಫಿ ಕುಡಿಯುತ್ತಿದ್ದರು, ಅಲ್ಲಿ ಸಾಮಾನು ಅಗ್ಗವೆಂದು ಕೊಳ್ಳುತ್ತಿದ್ದರು. ಸೇತುವೆ ಆದ ಮೇಲೆ ದೊಡ್ಡ ಬಸ್ಸುಗಳು ಸಮುದ್ರದ ಮೇಲೆಯೇ ಹೋಗುತ್ತವೆ. ಬೋಸ್ನಿಯಾ ಒಕ್ಕೂಟದಲ್ಲಿಲ್ಲ. 2022ರ ಡಿಸೆಂಬರಿನಲ್ಲಿ ಅದಕ್ಕೆ ಉಮೇದುವಾರಿಕೆ ಸಿಕ್ಕಿದೆ, ಸೇರುವುದು ಯಾವಾಗಲೋ. ಮಗ ಈ ಸುದ್ದಿ ಹೇಳಿದ್ದು ನಮ್ಮ ಸೇತುವೆಯ ಕಂಬಗಳು ಏಳುತ್ತಿದ್ದ ಸಮಯದಲ್ಲಿ. ಹೇಳಿ ಸುಮ್ಮನಾದ. ನಾನೂ ಸುಮ್ಮನಾದೆ. ಜನ ಕಾಯುವಷ್ಟು ಹೊತ್ತೇ ನನ್ನ ಸಂಪಾದನೆ ಎಂದು ಇಬ್ಬರಿಗೂ ಗೊತ್ತಿತ್ತು. ಶನಿವಾರ, ಭಾನುವಾರ ಸಿಗಂದೂರು ದೇವಸ್ಥಾನಕ್ಕೆ ಹೊರಟವರ ಕಾರುಗಳು ಸಾಲು ನಿಂತಷ್ಟೂ ನನ್ನ ಒಲೆ ಉರಿಯುತ್ತಿತ್ತು.

ಸೇತುವೆಯನ್ನು ನಾನು ಹಳಿಯುವುದಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ತುಂಬಿದಾಗಿನಿಂದ ನಮ್ಮ ಕಡೆಯವರು ಹಿನ್ನೀರಿನಾಚೆ ಉಳಿದುಬಿಟ್ಟವರು. ಸಂಜೆ ಲಾಂಚು ನಿಂತರೆ ಆ ದಿನದ ಬಾಗಿಲು ಮುಚ್ಚಿದಂತೆಯೇ. ನನ್ನ ಮೈದುನನ ಹೆಂಡತಿಗೆ ರಾತ್ರಿ ಹತ್ತು ಗಂಟೆಗೆ ಹೆರಿಗೆ ನೋವು ಬಂದು, ಕೋಗಾರು–ಕಾರ್ಗಲ್ ಮೇಲೆ ಸುತ್ತು ಹಾಕಿ ಸಾಗರಕ್ಕೆ ಹೊರಟ ಜೀಪು ಕಾರ್ಗಲ್ ಮುಟ್ಟುವ ಮೊದಲೇ ಮಗು ಹುಟ್ಟಿತು. ಅವನಿಗೆ ಊರಿನಲ್ಲಿ ಇಂದಿಗೂ ಜೀಪಣ್ಣ ಅಂತಲೇ ಹೆಸರು, ಈಗ ಕಾಲೇಜಿಗೆ ಹೋಗುತ್ತಾನೆ. ಸೇತುವೆ ತೆರೆದ ದಿನ ನಾನೂ ನಡೆದು ದಾಟಿದೆ, ನಡುವೆ ನಿಂತು ಅತ್ತೆ, ಮಾವನ ಮುಳುಗಿದ ಮನೆ ಇದ್ದ ದಿಕ್ಕಿಗೆ ಕೈ ಮುಗಿದೆ. ಆಗಸ್ಟಿನಲ್ಲಿ ಅಂಗಡಿ ಮುಚ್ಚಿದೆ. ತಗಡಿನ ಶೀಟು ಈಗ ಮನೆಯ ಸೌದೆ ಕೊಟ್ಟಿಗೆಗೆ ಹೊದಿಸಿದ್ದೇನೆ.

ನನ್ನ ತಕರಾರು ಇಷ್ಟೇ. ಕೂನಾ ಹೋಗಿ ಯೂರೊ ಬರುವಾಗ ಒಂದು ಚೀಲ ಹಿಟ್ಟಿಗೂ ಹದಿನಾರು ತಿಂಗಳು ಎರಡು ಚೀಟಿ ಅಂಟಿಸಿದರು. ಅದೇ ನೆಯುಮ್‌ನ ಅಂಗಡಿಯವಳಿಗೆ ಯಾರೂ ಯಾವ ಚೀಟಿಯನ್ನೂ ಅಂಟಿಸಲಿಲ್ಲ, ಯಾಕೆಂದರೆ ಅವಳು ಗೆರೆಯ ಆಚೆಯವಳು. ಹೊಳೆಬಾಗಿಲಿನವರು ಯಾವ ಗೆರೆಯ ಆಚೆ ಇದ್ದೇವೆ? ಸೇತುವೆಗೆ ನಾನೂರು ಕೋಟಿಗೂ ಮೀರಿ ಖರ್ಚಾಗುವಾಗ, ಎರಡು ದಡದ ಚಾ ಅಂಗಡಿ, ಎಳನೀರು, ಹೂವು–ಹಣ್ಣುಕಾಯಿ ಮಾರುವವರನ್ನು ಕರೆದು ಕೂರಿಸಿ, ಇಂಥ ತಿಂಗಳಿನಿಂದ ನಿಮಗೆ ಇಲ್ಲಿ ಗಿರಾಕಿ ಇರುವುದಿಲ್ಲ, ಮುಂದೇನು ಮಾಡುತ್ತೀರಿ ಎಂದು ಕೇಳಿದವರಿಲ್ಲ.

ಪತ್ರ ಬರೆದ ಹಿರಿಯರು ಶಿವಮೊಗ್ಗದಲ್ಲಿ ಕೂತು ಏನೂ ಬದಲಾಗುವುದಿಲ್ಲ ಅನ್ನುತ್ತಾರೆ. ಅವರು ಒಮ್ಮೆ ಸಾಗರದಿಂದ ತುಮರಿ ಬಸ್ಸು ಹತ್ತಿ ಬರಲಿ, ಈಗ ಸುಲಭ. ಸೇತುವೆ ಇಳಿದ ಮೇಲೆ ಯಾರನ್ನು ಕೇಳಿದರೂ ನನ್ನ ಮನೆ ತೋರಿಸುತ್ತಾರೆ. ಕಷಾಯ ನಾನೇ ಕೊಡುತ್ತೇನೆ, ದುಡ್ಡು ಬೇಡ.

ಸಂಬಂಧಪಟ್ಟವರಲ್ಲಿ ಒಂದು ಕೋರಿಕೆ. ಸೇತುವೆ ನೋಡಲು ಬಂದವರು ಈಗ ರಸ್ತೆ ಬದಿಯಲ್ಲೇ ಕಾರು ನಿಲ್ಲಿಸಿ ಫೋಟೋ ತೆಗೆಯುತ್ತಾರೆ. ಎರಡೂ ತುದಿಯಲ್ಲಿ ವಾಹನ ನಿಲ್ಲಲು ಒಂದಿಷ್ಟು ಜಾಗ, ನೀರಿನ ನಲ್ಲಿ, ಒಂದು ಶೌಚಾಲಯ, ಅದರ ಪಕ್ಕ ಹಳೆಯ ಲಾಂಚ್ ಕಟ್ಟೆಯ ಅಂಗಡಿಯವರಿಗೆ ಕೂರಲು ನಾಲ್ಕು ಕಟ್ಟೆ ಮಾಡಿಕೊಡಿ. ಬಾಡಿಗೆ ಕೊಡುತ್ತೇವೆ. ನನ್ನ ದೊಡ್ಡ ಚಾ ಕೆಟಲ್ಲು ಇನ್ನೂ ಅಟ್ಟದ ಮೇಲಿದೆ, ತೂತು ಬಿದ್ದಿಲ್ಲ.

ಇತಿ ತಮ್ಮ ವಿಶ್ವಾಸಿ,
ಹೊಳೆಬಾಗಿಲಿನ ಹಳೆಯ ಚಾ ಅಂಗಡಿಯವಳು
ತುಮರಿ ಸೀಮೆ, ಸಾಗರ ತಾಲ್ಲೂಕು